ಟೆಸ್ಟ್ ನದಿಯ ದಡ್ಡರ ಪಕ್ಷ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಹ್ಯಾಂಪ್‌ಷೈರ್ ಎಂಬ ಸೀಮೆಯುಂಟು. ಅಲ್ಲಿ ಓವರ್‌ಟನ್ ಎಂಬ ಊರಿನ ಬಳಿ ಹುಟ್ಟಿ, ವಿಟ್‌ಚರ್ಚ್, ಸ್ಟಾಕ್‌ಬ್ರಿಜ್, ರಾಮ್ಸಿ ಎಂಬ ಊರುಗಳನ್ನು ಹಾದು, ಸುಮಾರು 40 ಮೈಲಿ ಹರಿದು, ಸೌತಾಂಪ್ಟನ್ ರೇವಿನ ಬಳಿ ಕಡಲನ್ನು ಸೇರುವ ಹೊಳೆಗೆ ಟೆಸ್ಟ್ ಎಂದು ಹೆಸರು. ಕಾವೇರಿ ತುಂಗಭದ್ರೆಗಳನ್ನು ಕಂಡ ಕಣ್ಣಿಗೆ ಇದನ್ನು ನದಿಯೆನ್ನಲು ನಾಲಗೆ ಬಾರದು. ಹಲವು ಕಡೆಗಳಲ್ಲಿ ನಮ್ಮ ದೊಡ್ಡದೊಂದು ನಾಲೆಯಷ್ಟು ಅಗಲ, ಆಳವೂ ಅಷ್ಟಕ್ಕಷ್ಟೆ. ಆದರೆ ಟ್ರೌಟ್ ಎಂಬ ಮೀನನ್ನು ಹುಸಿನೊಣದಿಂದ ಹಿಡಿಯುವ ಹವ್ಯಾಸವುಳ್ಳವರಿಗೆ ಇದೊಂದು ತೀರ್ಥಕ್ಷೇತ್ರ. ಅಮೆರಿಕದಿಂದಲೂ ಜಪಾನಿನಿಂದಲೂ ಜನರು ಸಮುದ್ರ ದಾಟಿ ಬಂದು, ಈ ದಡದಲ್ಲಿ ಒಂದು ದಿನ ನಿಂತು, ಧನ್ಯರಾದೆವೆಂದು ಹಿಂದಿರುಗುವರು.

ಈ ನೀರಿಗೆ ಬೇರೆ ಕೀರ್ತಿಯೂ ಉಂಟು. ಜೇನ್ ಆಸ್ಟೆನ್ ಎಂಬ ಕಾದಂಬರಿಕಾರ್ತಿ 1775ರಲ್ಲಿ ಹುಟ್ಟಿದ ಸ್ಟೀವನ್‌ಟನ್ ಗ್ರಾಮವು ಇದರ ಮೂಲಕ್ಕೆ ಹತ್ತಿರ. ಇಂಗ್ಲೆಂಡ್ ಬ್ಯಾಂಕಿನ ನೋಟುಗಳಿಗೆ ಬೇಕಾದ ಕಾಗದವು 1724ರಿಂದ ಬಹುಕಾಲ ಇದರ ದಡದ ಗಿರಣಿಯಲ್ಲಿಯೇ ತಯಾರಾಗುತ್ತಿತ್ತು. ನಮ್ಮ ದೇಶದ ಕಡೆಯ ವೈಸರಾಯರಾಗಿದ್ದ ಮೌಂಟ್‌ಬ್ಯಾಟನ್ನರ ಮನೆಯೂ ಸಮಾಧಿಯೂ ರಾಮ್ಸಿಯಲ್ಲಿವೆ. ಆದರೆ ನಾವು ಹೋದದ್ದು ಇವುಗಳನ್ನು ನೋಡುವುದಕ್ಕಲ್ಲ. ಎರಡು ಅಂಗುಲವೂ ಇಲ್ಲದ ಒಂದು ಹುಳುವನ್ನು ನೋಡುವುದಕ್ಕೆ.

ಹ್ಯಾಂಪ್‌ಷೈರಿನ ನೆಲದ ಕೆಳಗೆ ಇರುವುದು ಸೀಮೆಸುಣ್ಣದ ಬಂಡೆ. ಚಳಿಗಾಲದ ಮಳೆಯನ್ನು ಆ ಬಂಡೆ ಸ್ಪಂಜಿನಂತೆ ಹೀರಿಕೊಂಡು, ತಿಂಗಳುಗಟ್ಟಲೆ ಒಡಲಲ್ಲಿಟ್ಟು ಸೋಸಿ, ಬುಗ್ಗೆಗಳ ಮೂಲಕ ಮೆಲ್ಲಗೆ ಬಿಡುತ್ತದೆ. ಆದುದರಿಂದ ಟೆಸ್ಟ್ ನದಿಗೆ ನಮ್ಮ ಹೊಳೆಗಳಂತೆ ಆಷಾಢದ ರಭಸವೂ ಇಲ್ಲ, ವೈಶಾಖದ ಬಡತನವೂ ಇಲ್ಲ. ಬುಗ್ಗೆಯ ನೀರು ಬೇಸಿಗೆಯಲ್ಲಿಯೂ ಚಳಿಗಾಲದಲ್ಲಿಯೂ ಸುಮಾರು 10 ಡಿಗ್ರಿ ಸೆಂಟಿಗ್ರೇಡಿನ ತಣ್ಪಿನಲ್ಲಿಯೇ ಹೊರಬರುವುದು. ನೀರು ಎಷ್ಟು ತಿಳಿಯೆಂದರೆ, ಸೇತುವೆಯ ಮೇಲೆ ನಿಂತವರಿಗೆ ಕೆಳಗಿನ ಮೀನಿನ ಮೈಮೇಲಣ ಕೆಂಪು ಚುಕ್ಕೆಗಳನ್ನು ಎಣಿಸಬಹುದೆನ್ನಿಸುವುದು. ಮೇ ತಿಂಗಳಲ್ಲಿ ನೀರೊಳಗಿನ ಹಸುರು ಬಳ್ಳಿಗಳು ಬಿಳಿಯ ಹೂವನ್ನು ಬಿಟ್ಟು, ಹೊಳೆಯ ಮೇಲೆ ಯಾರೋ ಮಲ್ಲಿಗೆಯನ್ನು ಸುರಿದಂತೆ ಕಾಣುವುದು. ಇಂತಹ ಸುಣ್ಣಗಲ್ಲಿನ ಹೊಳೆಗಳು ಜಗತ್ತಿನಲ್ಲೆಲ್ಲ ಬಹಳ ಕಡಮೆ. ಇರುವುವುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನವೇ.

ನಮ್ಮೂರ ಕೆರೆಯಲ್ಲಿ ಎರೆಹುಳು ಚುಚ್ಚಿ ಗಾಳ ಹಾಕುವ ಹುಡುಗನಿಗೆ ಪಂಚಾಂಗ ಬೇಡ. ಮೀನಿಗೆ ಹಸಿವಿದ್ದರೆ ಸಾಕು. ಹುಸಿನೊಣದವರ ಪಾಡು ಹಾಗಲ್ಲ. ಅವರ ಗಾಳಕ್ಕೆ ತಿನ್ನತಕ್ಕ ವಸ್ತುವೇನೂ ಇರುವುದಿಲ್ಲ. ಕೊಕ್ಕೆಗೆ ರೇಷ್ಮೆಯ ಎಳೆಯನ್ನೂ ಹಕ್ಕಿಯ ಪುಕ್ಕವನ್ನೂ ಸುತ್ತಿ ಹುಳುವಿನ ವೇಷವನ್ನು ಕಟ್ಟಿರುತ್ತಾರೆ, ಅಷ್ಟೆ. ಟ್ರೌಟ್ ಮೀನು ವರ್ಷದ ಬಹುಭಾಗ ತಳದ ಮರಿಹುಳುಗಳನ್ನೂ ಸಣ್ಣ ಸೀಗಡಿಗಳನ್ನೂ ಮೇಯುತ್ತಿದ್ದು, ತಲೆಯೆತ್ತಿ ಮೇಲಕ್ಕೆ ನೋಡುವುದೇ ಅಪರೂಪ. ಯಾವುದಾದರೊಂದು ಜಾತಿಯ ಹುಳು ರೆಕ್ಕೆ ಬಂದು ಗುಂಪುಗುಂಪಾಗಿ ನೀರಿನಿಂದ ಏಳುವ ಹೊತ್ತಿನಲ್ಲಿ ಮಾತ್ರ ಅದು ಮೇಲಕ್ಕೆ ಬರುವುದು. ಬಂದರೂ, ಎದುರಿಗೆ ತೇಲುವ ಆ ಒಂದು ಜಾತಿಯನ್ನೇ ಆರಿಸಿ ನುಂಗಿ, ಬೇರೆಯದನ್ನು ಮೂಸಿಯೂ ನೋಡದಿರುವುದುಂಟು. ಆದುದರಿಂದ ಯಾವ ತಿಂಗಳಲ್ಲಿ, ಯಾವ ಹವೆಯಲ್ಲಿ, ಯಾವ ಗಳಿಗೆಯಲ್ಲಿ ಯಾವ ಹುಳು ಏಳುವುದೆಂಬುದನ್ನು ಬಲ್ಲವನೇ ಇಲ್ಲಿ ಜಾಣ.

ನಮ್ಮ ರೈತರು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗಳನ್ನು ಎಣಿಸುವಂತೆಯೇ ಇವರು ಹುಳುಗಳನ್ನು ಎಣಿಸುತ್ತಾರೆ. ಮಾರ್ಚಿ ಏಪ್ರಿಲುಗಳಲ್ಲಿ ಕಪ್ಪು ಛಾಯೆಯ ಆಲಿವ್ ಹುಳು. ಆಗ ಇನ್ನೂ ಚಳಿಯಾದುದರಿಂದ ನಡುಹಗಲಿನ ಬೆಚ್ಚಗಿನ ಹೊತ್ತಿನಲ್ಲಿಯೇ ಅದು ಏಳುವುದು. ಏಪ್ರಿಲು ಕಡೆಯಲ್ಲಿ, ಸಂತ ಮಾರ್ಕನ ಹಬ್ಬವಾದ 25ನೆಯ ತಾರೀಖಿನ ಸುಮಾರಿಗೆ, ಹಾಥಾರ್ನ್ ಎಂಬ ಮುಳ್ಳುಬೇಲಿಯ ಸುತ್ತ ಕಾಲುಗಳನ್ನು ಜೋಲುಬಿಟ್ಟು ಹಾರುವ ಕರಿಯ ನೊಣ. ಇದು ನೆಲದ ಹುಳು, ಗಾಳಿ ಬೀಸಿದರೆ ನೀರಿಗೆ ಬೀಳುವುದು. ಮೇ ತಿಂಗಳ ಕೊರೆಯುವ ಗಾಳಿಯ ದಿನಗಳಿಗೆ ಸಣ್ಣ ಉಕ್ಕುನೀಲಿಯ ಹುಳು. ಬೇಸಿಗೆ ಬಲಿತ ಮೇಲೆ ಹಗಲೆಲ್ಲ ಸುಮ್ಮನಿದ್ದು ಸಂಜೆಗೆ ಏಳುವ ನೀಲಿರೆಕ್ಕೆಯ ಆಲಿವ್, ಕತ್ತಲಾಗುವಾಗ ಪತಂಗವನ್ನು ಹೋಲುವ ಸೆಜ್. ಇವೆಲ್ಲವುಗಳ ನಡುವೆ, ಮೇ ನಡುವಿನಿಂದ ಜೂನ್ ಮೊದಲ ವಾರದವರೆಗೆ, ರಾಜವೈಭವದಿಂದ ಬರುವುದೇ ಮೇ-ನೊಣ.

ಇದರ ಬಾಳು ಪುರಾಣದ ಕಥೆಯಂತಿದೆ. ಮೊಟ್ಟೆಯೊಡೆದ ಮರಿ ಹೊಳೆಯ ತಳದ ಹೂಳಿನಲ್ಲಿ ಬಿಲ ತೋಡಿಕೊಂಡು ಸುಮಾರು ಎರಡು ವರ್ಷ ಅಜ್ಞಾತವಾಸ ಮಾಡುವುದು. ಕಾಲ ಬಂದ ದಿನ ಮೇಲಕ್ಕೆ ಈಜಿಬಂದು, ನೀರಿನ ಮೇಲ್ಮೈಯಲ್ಲಿ ಚರ್ಮವನ್ನು ಸೀಳಿ, ಮಬ್ಬುಬಣ್ಣದ ರೆಕ್ಕೆಗಳನ್ನು ಹಾಯಿಯಂತೆ ಎತ್ತಿ ನಿಲ್ಲುವುದು. ರೆಕ್ಕೆ ಆರುವವರೆಗೆ ಕೆಲವು ನಿಮಿಷಗಳೋ ಕೆಲವು ಕ್ಷಣಗಳೋ ಹೀಗೆ ತೇಲುತ್ತಿರಬೇಕು; ಟ್ರೌಟ್ ಕಾಯುವುದು ಈ ಸಮಯಕ್ಕಾಗಿಯೇ. ತಪ್ಪಿಸಿಕೊಂಡದ್ದು ದಡದ ಮರಕ್ಕೆ ಹಾರಿ, ಒಂದು ದಿನದ ಸುಮಾರಿಗೆ ಮತ್ತೊಮ್ಮೆ ಪೊರೆ ಕಳಚುವುದು. ರೆಕ್ಕೆ ಬಂದ ಮೇಲೆ ಮತ್ತೆ ಪೊರೆ ಬಿಡುವ ಕೀಟಗಳು ಪ್ರಪಂಚದಲ್ಲಿ ಈ ಕುಲದವು ಮಾತ್ರ. ಈಗ ರೆಕ್ಕೆ ಗಾಜಿನಂತೆ ಹೊಳೆಯುವುದು. ಆದರೆ ಉಣ್ಣಲು ಬಾಯಿಲ್ಲ, ಇದ್ದದ್ದು ನಿರುಪಯೋಗಿ. ಗಂಡುಗಳು ಸಂಜೆ ಮರದ ಮರೆಯಲ್ಲಿ ಗುಂಪಾಗಿ ಮೇಲಕ್ಕೂ ಕೆಳಕ್ಕೂ ಕುಣಿಯುವುವು. ಹೆಣ್ಣುಗಳು ಆ ಕುಣಿತದ ನಡುವೆ ಹಾದು, ಕೂಡಿ, ಹೊಳೆಗೆ ಮರಳಿ ಸಾವಿರಾರು ಮೊಟ್ಟೆಗಳನ್ನಿಟ್ಟು, ರೆಕ್ಕೆಗಳನ್ನು ಚಾಚಿ ನೀರಿನ ಮೇಲೆಯೇ ಒರಗುವುವು. ಶಾಸ್ತ್ರಜ್ಞರು ಇದಕ್ಕೆ ಇಟ್ಟ ಎಫೆಮೆರಾ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಒಂದು ದಿನದ್ದು ಎಂದು ಅರ್ಥ. ಮೊದಲ ಮಳೆಗೆ ನಮ್ಮಲ್ಲಿ ಹುತ್ತದಿಂದ ಏಳುವ ರೆಕ್ಕೆಗೆದ್ದಲನ್ನು ಕಂಡವರಿಗೆ ಈ ಸಂಭ್ರಮ ತೀರ ಹೊಸದೆನಿಸದು. ಅಲ್ಲಿ ಕಾಗೆ ಕಪ್ಪೆಗಳಿಗೆ ಸಮಾರಾಧನೆ, ಇಲ್ಲಿ ಮೀನಿಗೆ.

ಈ ಎರಡು ವಾರಗಳಲ್ಲಿ ಮುದಿ ಟ್ರೌಟುಗಳೂ ಹೊಟ್ಟೆಬಾಕತನದಿಂದ ಬುದ್ಧಿಗೆಟ್ಟು, ಎಂತಹ ಅನನುಭವಿಯ ಗಾಳಕ್ಕೂ ಸಿಗುವುವೆಂಬ ನಂಬಿಕೆಯಿಂದ ಇಂಗ್ಲಿಷರು ಇದಕ್ಕೆ ದಡ್ಡರ ಪಕ್ಷವೆಂದು ಹೆಸರಿಟ್ಟಿದ್ದಾರೆ. ನಾವು ನೋಡಿದಮಟ್ಟಿಗೆ ಹೆಸರು ಪೂರ್ತಿ ಸತ್ಯವಲ್ಲ. ಪಕ್ಷದ ಮೊದಲಲ್ಲಿ ಮೀನು ಹೊಸ ಹುಳುವನ್ನು ಅನುಮಾನದಿಂದ ನೋಡುವುದು. ಕೊನೆಯಲ್ಲಿ ಹೊಟ್ಟೆ ತುಂಬಿ ಅಜೀರ್ಣದ ಯಜಮಾನರಂತೆ ಅಲುಗದೆ ಬಿದ್ದಿರುವುದು. ದಡ್ಡರಿಗೆ ಸಲ್ಲುವುದು ನಡುವಣ ಕೆಲವು ದಿನಗಳು ಮಾತ್ರ. ಆ ಕೆಲವು ದಿನಗಳು ಯಾವುವೆಂದು ತಿಂಗಳುಗಳ ಮುಂಚೆಯೇ ಹೇಳಬೇಕಾಗುವುದೇ ಕಷ್ಟ. ಏಕೆಂದರೆ ಟೆಸ್ಟ್ ನದಿಯ ದಡಗಳೆಲ್ಲ ಖಾಸಗಿಯವರ ಸ್ವತ್ತು. ಒಂದು ದಿನ ಗಾಳ ಹಾಕುವ ಹಕ್ಕಿಗೆ ಮುಂಗಡವಾಗಿ ಹಣ ಕಟ್ಟಿ ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಮೇ-ನೊಣದ ವಾರಗಳ ಬೆಲೆ ಉಳಿದ ದಿನಗಳಿಗಿಂತ ಬಹಳ ಹೆಚ್ಚು. ಆ ದಿನ ಹುಳು ಏಳದಿದ್ದರೆ ಹಣ ಹಿಂದಕ್ಕೆ ಬಾರದು. ಮದುವೆಗೆ ಛತ್ರ ಹಿಡಿದು, ಆ ಮೇಲೆ ವರನನ್ನು ಹುಡುಕಿದಂತೆ!

ಹುಳುವಿಗೂ ತಿಂಗಳಿಗೂ ಗಂಟುಹಾಕುವ ಈ ವಿದ್ಯೆ ಹಳೆಯದು. 1496ರಲ್ಲಿ ಅಚ್ಚಾದ ಒಂದು ಗಾಳದ ಗ್ರಂಥದಲ್ಲಿ ಮಾರ್ಚಿಯಿಂದ ಆಗಸ್ಟಿನವರೆಗೆ ತಿಂಗಳುವಾರಿಯಾಗಿ ಹನ್ನೆರಡು ಹುಸಿನೊಣಗಳನ್ನು ಹೇಳಿದೆ. ಅದನ್ನು ಬರೆದವಳು ಜೂಲಿಯಾನಾ ಬರ್ನರ್ಸ್ ಎಂಬ ಸಂನ್ಯಾಸಿನಿಯೆಂದು ಪ್ರತೀತಿ, ವಿದ್ವಾಂಸರು ಸಂದೇಹಪಡುತ್ತಾರೆ. 1836ರಲ್ಲಿ ಆಲ್ಫ್ರೆಡ್ ರೊನಾಲ್ಡ್ಸ್ ಎಂಬವನು ಹುಳುಗಳ ಬಣ್ಣದ ಚಿತ್ರಗಳನ್ನೂ ಅವುಗಳ ಹುಸಿರೂಪಗಳನ್ನೂ ಜೊತೆಜೊತೆಯಾಗಿ ಕೊಟ್ಟು ಈ ವಿಷಯಕ್ಕೆ ಶಾಸ್ತ್ರದ ರೂಪವಿತ್ತನು. ಆಮೇಲೆ ಬಂದವನು ಫ್ರೆಡರಿಕ್ ಹಾಲ್‌ಫರ್ಡ್. ಇವನು 1886ರಲ್ಲಿ ತೇಲುವ ಹುಸಿನೊಣಗಳ ವಿಚಾರವಾಗಿ ಪುಸ್ತಕ ಬರೆದನು. ಏಳುತ್ತಿರುವ ಮೀನನ್ನು ಕಣ್ಣಾರೆ ಕಂಡಲ್ಲದೆ ಗಾಳ ಬೀಸಕೂಡದು, ನೊಣ ಒಣಗಿ ತೇಲುತ್ತಿರಬೇಕು, ಮುಳುಗಕೂಡದು ಎಂದು ಅವನ ಅನುಯಾಯಿಗಳು ವಿಧಿಸಿದ ನಿಯಮಗಳನ್ನು ಕೇಳಿದರೆ ನಮ್ಮ ಮಡಿಯ ಅಜ್ಜಿಯರು ನೆನಪಾಗುವರು. ಇಲ್ಲಿಯೂ ಒದ್ದೆಯಾದರೆ ಮೈಲಿಗೆ! ಸ್ಕ್ಯೂಸ್ ಎಂಬ ವಕೀಲನು 1910ರಲ್ಲಿ, ಮೀನು ನೀರೊಳಗೆ ತಿನ್ನುವಾಗ ನೊಣವೂ ನೀರೊಳಗಿದ್ದರೆ ತಪ್ಪೇನೆಂದು ಬರೆದದ್ದಕ್ಕೆ, 1938ರಲ್ಲಿ ಲಂಡನ್ನಿನ ಗಾಳದವರ ಸಂಘದಲ್ಲಿ ದೊಡ್ಡ ವಾದಸಭೆಯೇ ಸೇರಿತು.

ಕನ್ನಡನಾಡಿಗೂ ಈ ವಿದ್ಯೆಗೂ ಒಂದು ಎಳೆಯ ಸಂಬಂಧವುಂಟು. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಭಾರತದ ಹೊಳೆಗಳಲ್ಲಿ ಗಾಳ ಹಾಕುವುದನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಟ್ರೌಟ್ ಮೀನು ಮಾತ್ರ ನಮ್ಮ ಬೆಚ್ಚನೆಯ ಹೊಳೆಗಳಲ್ಲಿ ಬಾಳದು. ಅದನ್ನು ಕಾಶ್ಮೀರಕ್ಕೂ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನೀಲಗಿರಿಯ ಮೇಲಣ ತೊರೆಗಳಿಗೂ ತಂದುಬಿಟ್ಟರು.

ನಮ್ಮ ಅಕ್ಕ ಭಾವಂದಿರು ವಿಂಚೆಸ್ಟರಿನಲ್ಲಿ ನೆಲಸಿ ಮೂವತ್ತು ವರ್ಷಗಳಿಗೆ ಮೇಲಾಯಿತು. ಭಾವನವರು ವೈದ್ಯರು, ಈಗ ನಿವೃತ್ತರು. ಅಲ್ಲಿಗೆ ಹೋದ ಹೊಸದರಲ್ಲಿ ಒಬ್ಬ ರೋಗಿಯಿಂದ ಹತ್ತಿದ ಈ ಹುಚ್ಚು ಅವರನ್ನು ಬಿಟ್ಟಿಲ್ಲ. ಮನೆಯಲ್ಲಿ ಶಾಕಾಹಾರ, ಹಿಡಿದ ಮೀನನ್ನು ಅವರು ನೀರಿಗೇ ಬಿಡುತ್ತಾರೆ. ಅಕ್ಕನಿಗೆ ಇದು ಸಮ್ಮತವಲ್ಲ. "ತಿನ್ನುವವನಾದರೂ ಹಸಿವಿಗಾಗಿ ಹಿಡಿಯುತ್ತಾನೆ, ಇವರು ಅದರ ಬಾಯಿ ನೋಯಿಸುವುದೇತಕ್ಕೆ?" ಎಂದು ಅವಳು ಕೇಳುವುದುಂಟು. ಭಾವನವರು ಇದಕ್ಕೆ ಕೊಡುವ ಉತ್ತರಗಳು ನಮಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೂ ದಿನವನ್ನು ಗೊತ್ತುಮಾಡುವುದು ಅಕ್ಕನೇ. ಅವಳು ಊರಿನಿಂದ ತರಿಸಿಕೊಳ್ಳುವ ಪಂಚಾಂಗದ ಅಂಚುಗಳಲ್ಲಿ ಪ್ರತಿವರ್ಷವೂ ಬೇಲಿ ಹೂಬಿಟ್ಟ ದಿನ, ಅಂಬರಗುಬ್ಬಿ ಬಂದ ದಿನ, ಮೊದಲ ಮೇ-ನೊಣ ಕಂಡ ದಿನ, ಇವುಗಳನ್ನು ಗುರುತುಮಾಡುತ್ತ ಬಂದಿದ್ದಾಳೆ. ಅವಳ ಲೆಕ್ಕ ಸುಲಭ. "ರೋಹಿಣಿ ಹುಟ್ಟಲಿ. ಹುಟ್ಟಿದ ನಾಲ್ಕಾರು ದಿನಕ್ಕೆ ಹೋಗಿ." ರೋಹಿಣಿ ಹುಟ್ಟುವುದು ಮೇ 25ರ ಸುಮಾರಿಗೆ, ನೊಣದ ನಡುವಾರವೂ ಹೆಚ್ಚುಕಡಮೆ ಅದೇ. ಇದರಲ್ಲಿ ಜ್ಯೋತಿಷ್ಯದ ಮಹಿಮೆಯೇನೂ ಇಲ್ಲ, ಸೂರ್ಯನ ಗತಿಯೊಂದೇ ಎರಡಕ್ಕೂ ಕಾರಣ. ಆದರೂ ಕೇಳಿ ನಮಗೆ ಸಂತೋಷವಾಯಿತು.

2023ನೆಯ ಇಸವಿಯ ಜನವರಿಯಲ್ಲಿ ಭಾವನವರು ನಮಗೆ ಕಾಗದ ಬರೆದರು. ಅವರ ಕಣ್ಣಿನ ನಡುನೋಟ ಮಬ್ಬಾಗುತ್ತ ಬಂದಿತ್ತು. ಇದು ಕನ್ನಡಕದಿಂದ ತಿದ್ದುವ ದೋಷವಲ್ಲ. ಸಣ್ಣ ಆಲಿವ್ ಹುಳುಗಳನ್ನು ನೀರಿನ ಮೇಲೆ ಕಾಣುವುದು ಅವರಿಗೆ ಆಗಲೇ ನಿಂತುಹೋಗಿತ್ತು. "ಮೇ-ನೊಣ ದೊಡ್ಡದು. ಈ ವರ್ಷ ಅದು ಕಂಡೀತು. ಬರುವ ವರ್ಷದ ಮಾತು ಹೇಳಲಾರೆ. ನೀನು ಬಂದರೆ ಜೊತೆಯಾಗುತ್ತದೆ" ಎಂದು ಬರೆದಿದ್ದರು. ದಡ ಸಿಕ್ಕಿದ್ದು ಒಂದೇ ದಿನಕ್ಕೆ. ಅಕ್ಕ ಮೇ 30 ಎಂದು ಹೇಳಿದ್ದಳು.

ಆ ವರ್ಷದ ಮಾರ್ಚಿಯಲ್ಲಿ ಅಲ್ಲಿ ಬಿಡದೆ ಮಳೆ. ಏಪ್ರಿಲು ತಣ್ಣಗೇ ಕಳೆಯಿತು. ನಾವು ಮೇ ಕಡೆಯ ವಾರದಲ್ಲಿ ಲಂಡನ್ನಿನಿಂದ ರೈಲುಬಂಡಿಯಲ್ಲಿ ಒಂದು ಗಂಟೆಯ ಪ್ರಯಾಣ ಮಾಡಿ ವಿಂಚೆಸ್ಟರಿಗೆ ಬಂದಾಗ, ಭಾವನವರು ಸಂಜೆ ಸಂಜೆಯೂ ಕಿಟಕಿಯ ಬಳಿ ನಿಂತು ಗಾಳಿಯ ದಿಕ್ಕನ್ನು ನೋಡುತ್ತಿದ್ದರು. ಈಶಾನ್ಯದ ಒಣಗಾಳಿ ಹಿಡಿದಿತ್ತು. ಹಗಲು ಗಾಳಿ ಬೀಸಿದರೆ ಕೆಡುಕಿಲ್ಲ. ಸಂಜೆಗೂ ನಿಲ್ಲದಿದ್ದರೆ ಹೆಣ್ಣುಹುಳುಗಳು ಹೊಳೆಗೆ ಇಳಿಯದೆ ಮರದಲ್ಲಿಯೇ ಉಳಿಯುವುವು. ಒಂದು ಬೆಳಗ್ಗೆ ಅವರು ನಮ್ಮನ್ನು ಊರಿನ ಮಹಾದೇವಾಲಯಕ್ಕೆ ಕರೆದುಕೊಂಡು ಹೋಗಿ, 1683ರಲ್ಲಿ ತೀರಿಕೊಂಡ ಐಜಾಕ್ ವಾಲ್ಟನ್ನನ ಸಮಾಧಿಯನ್ನು ತೋರಿಸಿದರು. ಗಾಳದವರ ಆದಿಗುರುವೆನಿಸಿದ ಇವನ ನೆನಪಿಗೆ 1914ರಲ್ಲಿ ಇಂಗ್ಲೆಂಡು ಅಮೆರಿಕಗಳ ಗಾಳದವರು ಬಣ್ಣದ ಗಾಜಿನ ಕಿಟಕಿಯೊಂದನ್ನು ಇಡಿಸಿದ್ದಾರೆ. ಭಾವನವರು ಅಲ್ಲಿ ಕೈಮುಗಿದರು. ಹವೆಯ ವಿಚಾರವಾಗಿ ಏನಾದರೂ ಬೇಡಿಕೊಂಡರೋ ಏನೋ, ನಾವು ಕೇಳಲಿಲ್ಲ.

30ನೆಯ ತಾರೀಖು ಮೋಟಾರಿನಲ್ಲಿ ಸ್ಟಾಕ್‌ಬ್ರಿಜ್ ತಲಪಿದೆವು. ಅಗಲವಾದ ಒಂದೇ ಬೀದಿಯ ಊರು. ಹೊಳೆಯು ಹಲವು ಕವಲುಗಳಾಗಿ ಬೀದಿಯ ಕೆಳಗೇ ಹಾದುಹೋಗುತ್ತದೆ. 1822ರಲ್ಲಿ ಸ್ಥಾಪಿತವಾದ ಹೌಟನ್ ಕ್ಲಬ್ ಎಂಬ ಗಾಳದವರ ಸಂಘಕ್ಕೆ ಇದೇ ನೆಲೆ. ನಮಗೆ ಗೊತ್ತಾಗಿದ್ದ ದಡವು ಊರಿನಿಂದ ಸ್ವಲ್ಪ ದೂರ. ಅಲ್ಲಿನ ಹೊಳೆಯ ಕಾವಲಿನವನು ಅರುವತ್ತರ ಹತ್ತಿರದ ಮಿತಭಾಷಿ. ಹುಲ್ಲನ್ನು ಕೊಯ್ಯುವುದು, ನೀರಬಳ್ಳಿಯನ್ನು ಗೊತ್ತಾದ ದಿನಗಳಲ್ಲಿ ಕತ್ತರಿಸುವುದು, ದಡ ಕುಸಿಯದಂತೆ ನೋಡುವುದು ಅವನ ಕೆಲಸ. ಹತ್ತು ಗಂಟೆಗೆ ಅವನನ್ನು "ಹೇಗಿದೆ?" ಎಂದು ಕೇಳಿದೆವು. "ನಿನ್ನೆ ಇತ್ತು" ಎಂದನು. ಅಷ್ಟೇ.

ಮಧ್ಯಾಹ್ನದವರೆಗೆ ಏನೂ ಇಲ್ಲ. ಬಿಸಿಲು, ಗಾಳಿ, ಹೊಳೆಯುವ ನೀರು. ತಂದಿದ್ದ ಮೊಸರನ್ನವನ್ನೂ ಮಾವಿನಕಾಯಿ ಉಪ್ಪಿನಕಾಯಿಯನ್ನೂ ಮರದ ನೆರಳಿನಲ್ಲಿ ಉಂಡೆವು. ಭಾವನವರು ಬಾಯಲ್ಲಿ ಹೇಳದಿದ್ದರೂ ಐದು ನಿಮಿಷಕ್ಕೊಮ್ಮೆ ನೀರಿನ ಕಡೆಗೆ ಮುಖ ತಿರುಗಿಸುತ್ತಿದ್ದರು. ಎರಡೂವರೆ ಗಂಟೆಯಿರಬಹುದು, ಅಕ್ಕ ಸುಮ್ಮನೆ ಕೈಚಾಚಿದಳು. ಹೊಳೆಯ ನಡುವೆ ಒಂದು ಪುಟ್ಟ ಹಾಯಿ ತೇಲಿಬರುತ್ತಿತ್ತು. ಅದರ ಹಿಂದೆ ಮತ್ತೊಂದು. ಕಾಲು ಗಂಟೆಯೊಳಗೆ ಎಣಿಸುವುದನ್ನು ಬಿಟ್ಟೆವು. ಅಂಬರಗುಬ್ಬಿಗಳು ಎಲ್ಲಿಂದಲೋ ಬಂದು ನೀರನ್ನು ಸವರಿಕೊಂಡು ಹಾರತೊಡಗಿದುವು. ಒಂದು ನೊಣ ನಮ್ಮ ಅಂಗಿಯ ತೋಳಿನ ಮೇಲೆ ಕುಳಿತಿತು: ದಂತದ ಬಣ್ಣದ ಮೈ, ಮೂರು ನೀಳ ಬಾಲದೆಳೆಗಳು, ಹಸುರು ಹಳದಿ ಬೆರೆತ ರೆಕ್ಕೆ. ಭಾವನವರು ಬಗ್ಗಿ, ತಲೆಯನ್ನು ಓರೆಮಾಡಿ, ಕಣ್ಣಿನ ಅಂಚಿನಿಂದ ಅದನ್ನು ಬಹಳ ಹೊತ್ತು ನೋಡಿದರು.

ಆದರೆ ಮೀನು ಸಿಗಲಿಲ್ಲ. ಗಾಳಿಗೆ ದಾರ ಓಲಾಡಿತು; ಹುಸಿನೊಣ ನಿಜನೊಣಗಳ ಗುಂಪಿನಲ್ಲಿ ಸೇರಿದರೆ ಯಾವುದು ಯಾವುದೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನಾಲ್ಕು ಗಂಟೆಗೆ ಅವರು ಕೋಲನ್ನು ಹುಲ್ಲಿನ ಮೇಲಿಟ್ಟು, "ನೋಡಿದ್ದಾಯಿತಲ್ಲ, ಸಾಕು, ಹೊರಡೋಣ" ಎಂದರು. ಅಕ್ಕ ಒಪ್ಪಲಿಲ್ಲ. "ಹಣ ಕೊಟ್ಟಿರುವುದು ಕತ್ತಲಾಗುವವರೆಗೆ" ಎಂದಳು.

ಏಳೂವರೆಯ ಮೇಲೆ ಗಾಳಿ ನಿಂತಿತು. ಅಲ್ಲಿ ಆ ಕಾಲದಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಕಳೆದ ಮೇಲೆ. ಮರಗಳ ಪಕ್ಕದಲ್ಲಿ ಗಂಡುನೊಣಗಳು ಸಾವಿರಗಟ್ಟಲೆ ಏರುತ್ತ ಇಳಿಯುತ್ತ ಇದ್ದುವು. ಇಳಿಬಿಸಿಲಿಗೆ ಅವುಗಳ ರೆಕ್ಕೆ ಕಿಡಿಗಳಂತೆ ಕಾಣುತ್ತಿತ್ತು. ಎಂಟೂವರೆಗೆ ಹೆಣ್ಣುಗಳು ಹೊಳೆಯ ಮೇಲೆ ಬಂದುವು. ಮೀನುಗಳು ಈಗ ನೆಗೆಯಲಿಲ್ಲ. ಸತ್ತ ಹುಳು ಓಡಿಹೋಗದೆಂದು ಅವಕ್ಕೆ ಗೊತ್ತು. ಮೂತಿಯನ್ನಷ್ಟೇ ಮೇಲಕ್ಕಿಟ್ಟು ಬಿಸಿಕಾಫಿ ಹೀರುವವರಂತೆ ಸದ್ದುಮಾಡಿ ಒಳಗೆಳೆದುಕೊಳ್ಳುತ್ತಿದ್ದುವು. ಈ ಸದ್ದೇ ಭಾವನವರಿಗೆ ಒದಗಿತು. ಅವರು ಕಣ್ಣನ್ನು ನೆಚ್ಚುವುದನ್ನು ಬಿಟ್ಟು ಕಿವಿಯನ್ನು ಅತ್ತ ಕೊಟ್ಟರು. ಕಾವಲಿನವನು ಅವರ ಹಿಂದೆ ನಿಂತು, ಗಡಿಯಾರದ ಮುಖದ ಲೆಕ್ಕದಲ್ಲಿ, "ಹನ್ನೊಂದು ಗಂಟೆಯ ಕಡೆಗೆ, ಹತ್ತು ಗಜ" ಎಂದು ಪಿಸುಗುಟ್ಟುವನು. ದಾರ ಹೋಗುವುದು. "ಗಿಡ್ಡವಾಯಿತು. ಇನ್ನೊಂದು ಗಜ." ಮೂರನೆಯ ಸಲ, ಆ ಹೀರುವ ಸದ್ದು ಕೇಳಿದ ಕೂಡಲೆ, ಇವನು ಹೇಳುವ ಮುಂಚೆಯೇ, ಭಾವನವರು ಕೋಲನ್ನೆತ್ತಿದರು.

ಎರಡು ಪೌಂಡು ತೂಗಬಹುದಾದ ಟ್ರೌಟ್ ಮೀನು. ಬೆಣ್ಣೆಯ ಬಣ್ಣದ ಹೊಟ್ಟೆ. ನೀರಿನಿಂದ ಮೇಲೆತ್ತದೆಯೇ ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿದರು. ಭಾವನವರು ಮಂಡಿಯೂರಿ, ಅದು ಉಸಿರು ಹಿಡಿಯುವವರೆಗೆ ಎರಡು ಕೈಗಳಿಂದಲೂ ಹೊಳೆಗೆದುರಾಗಿ ಹಿಡಿದುಕೊಂಡಿದ್ದರು. ಅಕ್ಕ ಮುಖ ತಿರುಗಿಸಿಕೊಂಡಿದ್ದವಳು, ಬಿಟ್ಟ ಸದ್ದು ಕೇಳಿ ಮತ್ತೆ ನೋಡಿದಳು.

ಮೋಟಾರಿಗೆ ನಡೆದುಹೋಗುವಾಗ ಕಾವಲಿನವನು ನಾಲ್ಕು ಮಾತು ಹೆಚ್ಚಾಗಿ ಆಡಿದನು. ಮೇ-ನೊಣ ಇಲ್ಲಿ ಇನ್ನೂ ಚೆನ್ನಾಗಿದೆ; ಹೂಳಿನಲ್ಲಿ ಬಾಳುವ ಜಾತಿಯಾದುದರಿಂದ ಹೊಳೆಯಲ್ಲಿ ಹೂಳು ಹೆಚ್ಚಿದರೂ ತಡೆದುಕೊಂಡಿದೆ. ಹೋಗುತ್ತಿರುವುದು ಸಣ್ಣವು. ತಾನು ಹುಡುಗನಾಗಿದ್ದಾಗ ಬೇಸಿಗೆಯ ಸಂಜೆಗಳಲ್ಲಿ ಮೋಡದಂತೆ ಏಳುತ್ತಿದ್ದ ನೀಲಿರೆಕ್ಕೆಯ ಆಲಿವ್ ಈಗ ಕೆಲವು ಸಂಜೆ ಬರುವುದೇ ಇಲ್ಲವೆಂದನು. ಇದು ಮುದುಕರ ಹಳಹಳಿಕೆಯಷ್ಟೇ ಅಲ್ಲ. ಹೊಲಗಳಿಂದಲೂ ಚರಂಡಿಗಳಿಂದಲೂ ಬರುವ ನಯವಾದ ಹೂಳೂ ರಂಜಕವೂ ಸೇರಿದಾಗ ಆ ಹುಳುವಿನ ಮೊಟ್ಟೆಗಳು ನಾಶವಾಗುವುವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಮೇಲಾಗಿ ಊರುಗಳ ಕುಡಿಯುವ ನೀರನ್ನೂ ಈ ಬಂಡೆಯಿಂದಲೂ ಈ ಹೊಳೆಗಳಿಂದಲೂ ಎತ್ತಬೇಕು. ಟೆಸ್ಟ್ ನದಿಯಿಂದಲೂ ನೆರೆಯ ಇಚೆನ್ ನದಿಯಿಂದಲೂ ಎತ್ತಬಹುದಾದ ಪ್ರಮಾಣವನ್ನು 2019ರಲ್ಲಿ ಕಡಮೆ ಮಾಡಿದರು. ಇದಕ್ಕೆ ಎದುರಾದ ಚಿತ್ರವೂ ಉಂಟು. ಅಮೆರಿಕದ ಮಿಸಿಸಿಪಿ ನದಿಯಿಂದ 2014ರ ಜುಲೈ 20ರ ರಾತ್ರಿ ಎದ್ದ ಇದೇ ಕುಲದ ಹುಳುಗಳು, ಮಳೆಯ ಮೋಡವನ್ನು ಹುಡುಕುವ ರೇಡಾರ್ ಯಂತ್ರದಲ್ಲಿ ಮೋಡದಂತೆಯೇ ಮೂಡಿದ್ದುವಂತೆ.

ಅಕ್ಕ ಗಾಳವನ್ನು ಮುಟ್ಟದವಳಾದರೂ ಹೊಳೆಗೆ ಇಳಿಯದವಳಲ್ಲ. ಅಲ್ಲಿ ಊರೂರಿನ ಗೃಹಸ್ಥರೂ ಗೃಹಿಣಿಯರೂ ಸೇರಿ ತಿಂಗಳಿಗೊಮ್ಮೆ ಹೊಳೆಯ ಹುಳುಗಳನ್ನು ಎಣಿಸುವ ಏರ್ಪಾಡೊಂದುಂಟು. ಮೊಣಕಾಲುವರೆಗಿನ ರಬ್ಬರ್ ಬೂಟು ತೊಟ್ಟು, ನೀರಿನಲ್ಲಿ ನಿಂತು, ಮೂರು ನಿಮಿಷ ತಳದ ಕಲ್ಲುಗಳನ್ನು ಕಾಲಿನಿಂದ ಕೆದಕಿ, ಎದ್ದುಬಂದದ್ದನ್ನು ಬಲೆಯಲ್ಲಿ ಹಿಡಿದು, ಬಿಳಿಯ ತಟ್ಟೆಗೆ ಸುರಿದು, ಎಂಟು ಬಗೆಯ ಹುಳುಗಳನ್ನು ಬೇರೆಬೇರೆಯಾಗಿ ಎಣಿಸಿ ಮತ್ತೆ ನೀರಿಗೆ ಬಿಡಬೇಕು. ಎಣಿಕೆ ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿದರೆ, ಮೇಲೆ ಎಲ್ಲಿಯೋ ಏನೋ ಕೆಟ್ಟದ್ದು ಹೊಳೆಗೆ ಸೇರಿತೆಂದು ಸರಕಾರದವರಿಗೆ ತಿಳಿಸುತ್ತಾರೆ. ನಾವು ಹೊರಡುವ ಮುಂಚಿನ ಶನಿವಾರ ಅವಳ ಸರದಿ ಬಂದಿತ್ತು. ನಮಗೂ ಒಂದು ಜೊತೆ ಬೂಟು ಸಿಕ್ಕಿತು. ತಣ್ಣೀರಿನಲ್ಲಿ ಕಾಲು ಮರಗಟ್ಟುತ್ತಿರಲು ಅವಳು ತಟ್ಟೆಯ ಮೇಲೆ ಬಗ್ಗಿ, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಒಂದೊಂದನ್ನೇ ಚಮಚದಿಂದ ಬೇರ್ಪಡಿಸಿದಳು. ಭಾವನವರು ದಡದಲ್ಲಿ ಕುಳಿತು, ಅವಳು ಕೂಗಿದ ಸಂಖ್ಯೆಗಳನ್ನು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡರು.